ಮುಸುಕಿನ ಜೋಳ: ಇಳುವರಿ ಸೋರುವುದೆಲ್ಲಿ?

ಅಕ್ಕಪಕ್ಕದ ಎರಡು ಹೊಲ. ಅದೇ ಕೆಂಪು ಮಣ್ಣು, ಅದೇ ಮಳೆ, ಅದೇ ಬೀಜ, ಅಷ್ಟೇ ಗೊಬ್ಬರ. ಒಂದರಲ್ಲಿ ಎಕರೆಗೆ 20 ಕ್ವಿಂಟಲ್ ಜೋಳ, ಇನ್ನೊಂದರಲ್ಲಿ 12 ಎಂದುಕೊಳ್ಳಿ. ಹಾಗಾದರೆ ಎರಡನೇ ಹೊಲದ ತಾಂತ್ರಿಕ ದಕ್ಷತೆ ಶೇ 60. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಫಾರೆಲ್ 1957ರಲ್ಲಿ ಕೊಟ್ಟ ಅಳತೆಯ ತಿರುಳು ಇದೇ: ರೈತನನ್ನು ಹೋಲಿಸಬೇಕಾದ್ದು ಅವನಷ್ಟೇ ಸವಲತ್ತು ಇರುವವರಲ್ಲಿ ಚೆನ್ನಾಗಿ ಬೆಳೆದವರ ಜೊತೆ.

ಆ 8 ಕ್ವಿಂಟಲ್ ಎಲ್ಲಿ ಹೋಯಿತು? ಮೈಸೂರು ಜಿಲ್ಲೆಯ ಗಾವಡಗೆರೆ ಹೋಬಳಿಯಂಥ ಕಡೆ ನನಗೆ ಮೊದಲು ಕಾಣುವ ಕಾರಣ ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಸಣ್ಣ ಹಿಡುವಳಿಗಳಲ್ಲಿ ಮೇ–ಜೂನ್ ಅಂದರೆ ಸೊಪ್ಪಿನ ನಾಟಿಯ ಕಾಲ. ಜೋಳದ ಕಳೆ ತೆಗೆಯಬೇಕಾದ್ದೂ ಅದೇ ಕೈಗಳು. ಜೋಳದ ಸರದಿ ಬರುವಷ್ಟರಲ್ಲಿ ವಾರ, ಹತ್ತು ದಿನ ಕಳೆದಿರುತ್ತದೆ. ಖರ್ಚು ಅಷ್ಟೇ ಆಗಿರುತ್ತದೆ, ಹದ ಮಾತ್ರ ತಪ್ಪಿರುತ್ತದೆ.

ಮೊದಲು ಗಿಡ ಎಣಿಸಿ ನೋಡಿ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಎಂಬುದು ಶಿಫಾರಸು. ಬಿತ್ತಿದ ಎರಡು ವಾರಕ್ಕೆ ಒಂದು ಸಾಲಿನಲ್ಲಿ 22 ಅಡಿ ಹಗ್ಗ ಹಿಡಿಯಿರಿ. ಅಷ್ಟು ಉದ್ದದ ಸಾಲು ಎಕರೆಯ ಸಾವಿರದಲ್ಲೊಂದು ಪಾಲು. ಅಲ್ಲಿ 22 ಗಿಡವಿದ್ದರೆ ಎಕರೆಗೆ 22 ಸಾವಿರ. 15 ಇದ್ದರೆ 15 ಸಾವಿರ. ನಾಲ್ಕೈದು ಕಡೆ ಹೀಗೆ ಎಣಿಸಿ ಸರಾಸರಿ ತೆಗೆಯಿರಿ. ಗಿಡವೇ ಇಲ್ಲದ ಜಾಗಕ್ಕೆ ಎಷ್ಟು ಗೊಬ್ಬರ ಸುರಿದರೂ ತೆನೆ ಬರುವುದಿಲ್ಲ. ಒಂದೇ ಗುಣಿಯಲ್ಲಿ ಎರಡು ಗಿಡ ಬಿಟ್ಟರೆ ಎರಡೂ ಸೊರಗುತ್ತವೆ.

ಆಮೇಲೆ ಯೂರಿಯ. ಮೊಣಕಾಲೆತ್ತರಕ್ಕೆ ಬಂದಾಗ, ಅಂದರೆ ಸುಮಾರು 30–35 ದಿನಕ್ಕೆ, ಗಿಡ ಸಾರಜನಕವನ್ನು ಭರದಿಂದ ಹೀರತೊಡಗುತ್ತದೆ. ಆಗ ಕಳೆ ತೆಗೆದು, ತೇವವಿರುವಾಗ ಬುಡದ ಪಕ್ಕಕ್ಕೆ ಕೊಟ್ಟು ಮಣ್ಣು ಏರಿಸಬೇಕು. ಮೇಲೆ ಎರಚಿ ಹಾಗೇ ಬಿಟ್ಟರೆ ಒಂದಷ್ಟು ಅಮೋನಿಯ ಅನಿಲವಾಗಿ ಗಾಳಿಗೆ ಹೋಗುತ್ತದೆ. ಕಳೆಯೊಳಗೆ ಹಾಕಿದರೆ ಕಳೆಯೇ ಮೇಯುತ್ತದೆ.

ಫಾಲ್ ಸೈನಿಕ ಹುಳುವಿನದೂ ದಿನದ ಲೆಕ್ಕವೇ. 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದಲ್ಲಿ ಕಾಣಿಸಿಕೊಂಡ ಈ ಹುಳು ಈಗ ಎಲ್ಲೆಡೆ ಇದೆ. ಎಲೆ ಮೇಲೆ ಬಿಳಿ ಕೆರೆತ ಕಂಡಾಗಲೇ ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೋಯೇಟ್ ಬೆರೆಸಿ ಸುಳಿಯೊಳಗೆ ಬೀಳುವಂತೆ ಸಿಂಪಡಿಸಬೇಕು. ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ತುಂಬಿದ ಮೇಲೆ ಅದೇ ಔಷಧಿ ಒಳಗಿನ ಹುಳುವಿಗೆ ಸರಿಯಾಗಿ ತಾಗದು.

ಸೂಲಂಗಿ ಬರುವ ಹೊತ್ತಿನ ನೀರು ಕೂಡ ದೊಡ್ಡ ವಿಷಯ. ತೆನೆಯ ತುದಿಯಲ್ಲಿ ಇಳಿಬಿದ್ದ ಒಂದೊಂದು ಎಳೆಯೂ ಒಂದೊಂದು ಕಾಳಿನದು. ಬರ ತಗುಲಿದರೆ ಎಳೆಗಳು ತಡವಾಗಿ ಹೊರಬರುತ್ತವೆ, ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ತೆನೆ ಬೊಕ್ಕಾಗುವುದು ಹೀಗೆ. ಕೊಳವೆ ಬಾವಿಯಲ್ಲಿ ಸ್ವಲ್ಪವೇ ನೀರಿದ್ದರೆ ಅದನ್ನು ಆ ಎರಡು ವಾರಕ್ಕೆ ಉಳಿಸಿಕೊಳ್ಳಿ.

ಇನ್ನು ಬೆಲೆಯ ದಕ್ಷತೆ, ಅಂದರೆ ಕೊನೆಯ ರೂಪಾಯಿ ಎಷ್ಟು ದುಡಿಯಿತು ಎಂಬುದು. 45 ಕೆ.ಜಿ. ಯೂರಿಯ ಚೀಲಕ್ಕೆ 266.50 ರೂಪಾಯಿ, 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400. ಆ ದರ ಸಿಕ್ಕರೆ ಹನ್ನೊಂದು ಕೆ.ಜಿ. ಜೋಳಕ್ಕೇ ಚೀಲದ ದುಡ್ಡು ಬಂತು. ಅದಕ್ಕೇ ಇನ್ನೊಂದು ಚೀಲ ಹಾಕುವ ಆಸೆ. ಸಬ್ಸಿಡಿಯ ಈ ಅಗ್ಗದ ಬೆಲೆಯಿಂದಲೇ ಯೂರಿಯ ಹೆಚ್ಚಾಗಿ, ದುಬಾರಿ ಪೊಟ್ಯಾಷ್ ಹಿಂದೆ ಬೀಳುತ್ತದೆ. ರೈತರನ್ನು ಇದಕ್ಕೆ ದೂರುವುದು ತಪ್ಪು. ಮಳೆಯಾಶ್ರಿತ ಜೋಳಕ್ಕೆ ಎಕರೆಗೆ ಬೇಕಾದ ಸಾರಜನಕ 40 ಕೆ.ಜಿ.; ಒಂದು ಚೀಲ ಡಿಎಪಿ ಕೊಟ್ಟಿದ್ದರೆ ಒಂದೂವರೆ ಚೀಲ ಯೂರಿಯ ಸಾಕು. ಜೊತೆಗೆ 17 ಕೆ.ಜಿ. ಪೊಟ್ಯಾಷ್ ಬಿಡಬಾರದು. ರೈತ ಸಂಪರ್ಕ ಕೇಂದ್ರದ ಮೂಲಕ ಮಣ್ಣು ಪರೀಕ್ಷೆ ಮಾಡಿಸಿದರೆ ಈ ಲೆಕ್ಕ ನಿಮ್ಮ ಹೊಲಕ್ಕೇ ಸರಿಹೊಂದುತ್ತದೆ. ಖರ್ಚು ಬರೆಯುವಾಗ ಮನೆಯವರ ಕೂಲಿಯನ್ನೂ ಸೇರಿಸಿ, ಒಟ್ಟನ್ನು ಕ್ವಿಂಟಲ್‌ಗಳಿಂದ ಭಾಗಿಸಿ. ಮಂಡಿಯಲ್ಲಿ ದರ ಕೇಳುವ ಮೊದಲು ಆ ಅಂಕಿ ಕೈಯಲ್ಲಿರಲಿ.