ಹಸಿವನ್ನು ಅಡಗಿಸುವ ಮೂಲಿಕೆಗಳು

ನಮ್ಮ ವೈದ್ಯಗ್ರಂಥಗಳಲ್ಲಿ ಹಸಿವನ್ನು ಹೆಚ್ಚಿಸುವ ಔಷಧಗಳು ಹೆಜ್ಜೆಹೆಜ್ಜೆಗೂ ದೊರೆಯುತ್ತವೆ. ಶುಂಠಿ, ಹಿಪ್ಪಲಿ, ಮೆಣಸು, ಚಿತ್ರಮೂಲ ಇವೆಲ್ಲ ಜಠರಾಗ್ನಿಯನ್ನು ಕೆರಳಿಸತಕ್ಕವು. ಹಸಿವನ್ನು ಅಡಗಿಸುವ ಮೂಲಿಕೆಗಳಾದರೋ ಬಹು ವಿರಳ. ಹಸಿವೇ ಆರೋಗ್ಯದ ಲಕ್ಷಣವೆಂದು ಬಗೆದ ಶಾಸ್ತ್ರದಲ್ಲಿ ಇದು ಸಹಜವೇ ಸರಿ.

ಆದರೂ ಈ ಸಂದರ್ಭದಲ್ಲಿ ಹೇಳಲೇಬೇಕಾದ ಒಂದು ಗಿಡ ಉಂಟು. ಅದು ಉತ್ತರಣೆ, ಸಂಸ್ಕೃತದಲ್ಲಿ ಅಪಾಮಾರ್ಗ. ಬೇಲಿಯ ಮಗ್ಗುಲಲ್ಲಿ ಬೆಳೆದು, ಹಾದುಹೋಗುವವರ ಪಂಚೆ ಸೀರೆಗಳಿಗೆ ತನ್ನ ಮುಳ್ಳುಕಾಳುಗಳನ್ನು ಅಂಟಿಸುವ ಈ ಗಿಡವನ್ನು ಕೇಳುಗರಲ್ಲಿ ಹಲವರು ಬಲ್ಲರು. ಋಷಿಪಂಚಮಿಯ ವ್ರತದಲ್ಲಿ ಹೆಂಗಸರು ಹಲ್ಲುಜ್ಜುವುದು ಇದರ ಕಡ್ಡಿಯಿಂದಲೇ. ಹಸಿವು ನೀರಡಿಕೆಗಳಿಂದ ಬರುವ ಸಾವನ್ನು ತೊಡೆದುಹಾಕುವುದಕ್ಕಾಗಿ ಅಥರ್ವವೇದವು ಇದನ್ನು ಸ್ತುತಿಸುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ಎರಡನೆಯ ಅಧ್ಯಾಯಕ್ಕೆ ಇದರ ಬೀಜದ್ದೇ ಹೆಸರು. ಅಲ್ಲಿ ಹೇಳಿರುವ 28 ಬಗೆಯ ಗಂಜಿಗಳಲ್ಲಿ ಕಡೆಯದು ಉತ್ತರಣೆಯ ಬೀಜ, ಹಾಲು, ಉಡದ ಮಾಂಸರಸ ಇವುಗಳಿಂದಾದದ್ದು. ಹಸಿವನ್ನು ಕಳೆಯುವುದೇ ಅದರ ಗುಣ. ಉಡದ ಹೆಸರು ಕೇಳಿ ಮುಖ ಸಿಂಡರಿಸುವವರು ಸಮಾಧಾನ ಹೊಂದಬಹುದು, ಬೀಜವನ್ನು ಹಾಲಿನಲ್ಲಿ ಬೇಯಿಸಿದ ಪಾಯಸವೂ ಬಳಕೆಯಲ್ಲಿ ಉಂಟು. ಎಷ್ಟು ಉಂಡರೂ ತಣಿಯದ ಭಸ್ಮಕವೆಂಬ ರೋಗಕ್ಕೆ ಅದನ್ನು ಕೊಡುತ್ತಿದ್ದರು. ಗರ್ಭಿಣಿಯರಿಗೆ ಈ ಗಿಡ ವರ್ಜ್ಯವೆಂಬುದನ್ನೂ ಮರೆಯತಕ್ಕದ್ದಲ್ಲ.

ಸ್ಥೂಲಕಾಯರ ವಿಷಯದಲ್ಲಿ ಚರಕನ ಮಾರ್ಗವೇ ಬೇರೆ. ಅವರ ಹಸಿವು ಮಿತಿಮೀರಿದ್ದೆಂದು ಆತನಿಗೆ ಗೊತ್ತು. ಆದರೆ ಅದನ್ನು ಕೊಲ್ಲಲು ಹೊರಡದೆ, ಅರಗುವುದಕ್ಕೆ ಭಾರವಾಗಿಯೂ ಮೈಗೆ ಪುಷ್ಟಿ ಕೊಡದೆಯೂ ಇರುವ ಆಹಾರವನ್ನು ವಿಧಿಸುತ್ತಾನೆ. ನಾರು ಹೆಚ್ಚಾಗಿರುವ ಆಹಾರವನ್ನು ತಿನ್ನಿರೆಂಬ ಇಂದಿನ ವೈದ್ಯರ ಮಾತಿಗೆ ಇದು ತೀರ ದೂರವಲ್ಲ. ಇದರಲ್ಲಿ ಹೆಚ್ಚಿನ ವಿವೇಕವಿದೆಯೆಂದು ನನ್ನ ಭಾವನೆ.

ಹಸಿವನ್ನೇ ಅಡಗಿಸುವ ಗಿಡಕ್ಕೆ ನಿಜವಾದ ಬೆಲೆ ಇದ್ದದ್ದು ಅನ್ನ ದುರ್ಲಭವಾದ ನೆಲದಲ್ಲಿ. ದಕ್ಷಿಣ ಆಫ್ರಿಕದ ಕಲಹಾರಿ ಸೀಮೆಯಲ್ಲಿ ಹೂಡಿಯ ಎಂಬ ಸಸ್ಯ ಬೆಳೆಯುತ್ತದೆ. ನೋಡುವುದಕ್ಕೆ ಕಳ್ಳಿಯಂತಿದ್ದರೂ ಕುಲದಲ್ಲಿ ಅದು ನಮ್ಮ ಎಕ್ಕದ ಬಂಧು. ಸಾನ್ ಎಂಬ ಬೇಟೆಗಾರ ಜನರು ದೂರದ ಬೇಟೆಗೆ ಹೋದಾಗ ಅದರ ತಿರುಳನ್ನು ಅಗಿದು ಹಸಿವು ಬಾಯಾರಿಕೆಗಳನ್ನು ತಡೆದುಕೊಳ್ಳುತ್ತಿದ್ದರು. ಅಲ್ಲಿಯ ಸರ್ಕಾರದ ಸಂಶೋಧನಾಲಯವು 1990ರ ದಶಕದಲ್ಲಿ ಅದರ ಸಾರಕ್ಕೆ ಪೇಟೆಂಟ್ ಪಡೆದು, 1997ರಲ್ಲಿ ಬ್ರಿಟನ್ನಿನ ಫೈಟೋಫಾರ್ಮ್ ಕಂಪೆನಿಗೆ ಅದನ್ನು ಬಳಸುವ ಅನುಮತಿ ಕೊಟ್ಟಿತು. ಯಾರ ಅರಿವಿನಿಂದ ಈ ವಿದ್ಯೆ ಬಂದಿತೋ ಅವರನ್ನು ಒಂದು ಮಾತು ಕೇಳಲಿಲ್ಲ. ಆಕ್ಷೇಪಣೆಗಳು ಎದ್ದ ತರುವಾಯ, 2003ರಲ್ಲಿ, ಸಂಶೋಧನಾಲಯಕ್ಕೆ ಬರುವ ರಾಯಧನದಲ್ಲಿ ನೂರಕ್ಕೆ 6ರಂತೆ ಸಾನ್ ಜನರಿಗೆ ಸಲ್ಲತಕ್ಕದ್ದೆಂದು ಒಪ್ಪಂದವಾಯಿತು.

ಅಷ್ಟರಲ್ಲಿ ಹೂಡಿಯದ ಹೆಸರು ಹೊತ್ತ ಮಾತ್ರೆಗಳು ಪೇಟೆಯಲ್ಲಿ ತುಂಬಿದವು. ಗಿಡವೇ ನಾಶವಾದೀತೆಂಬ ಭಯದಿಂದ 2004ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಬಂಧನೆ ಹಾಕಬೇಕೆಂದು ನಿರ್ಣಯವಾಯಿತು. ಇದನ್ನು ಆಹಾರದಲ್ಲಿ ಬೆರೆಸಿ ಮಾರಲು ಬಯಸಿದ್ದ ಯೂನಿಲೀವರ್ ಕಂಪೆನಿ 2008ರಲ್ಲಿ ಕೈಬಿಟ್ಟಿತು. ಸ್ತ್ರೀಯರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಸಾರವನ್ನು ಸೇವಿಸಿದವರ ಊಟ ಗಣನೀಯವಾಗಿ ತಗ್ಗಲಿಲ್ಲ; ಓಕರಿಕೆಯೂ ರಕ್ತದ ಒತ್ತಡದ ಏರಿಕೆಯೂ ಕಂಡುಬಂದವು. ಬೇಟೆಗಾರನು ಅಗಿದದ್ದು ಹಸಿಯ ತಿರುಳು, ಇವರಿಗೆ ಕೊಟ್ಟದ್ದು ಸಂಸ್ಕರಿಸಿದ ಸಾರ. ಎರಡನ್ನೂ ಒಂದೇ ಎಂದು ಎಣಿಸಿದ್ದು ಅವಸರದ ಮಾತೇ ಆಯಿತು. ಇನ್ನು ಸಾನ್ ಜನರ ಪಾಲಿನ ಮಾತು: ಪೇಟೆಗೆ ಬಾರದ ಮದ್ದಿನಿಂದ ನೂರಕ್ಕೆ 6 ಬರುವುದಾದರೂ ಎಲ್ಲಿಂದ?