ತಿಕ್ಕಿದರೆ ಅಳಿಯುವ ಚರಿತ್ರೆ

ಪೀಣ್ಯದಲ್ಲಿ ವಾಸಿಸುವ ವಿದ್ಯಾರ್ಥಿಯೊಬ್ಬನಿಗೆ ಅಜ್ಜಿಯ ಪೆಟ್ಟಿಗೆಯಲ್ಲಿ ಆನೆಯ ಚಿತ್ರವಿದ್ದ ತಾಮ್ರದ ಕಾಸೊಂದು ದೊರಕಿತು. ಕಂದುಗಪ್ಪಾಗಿದ್ದ ಅದನ್ನು ಹೊಳೆಯಿಸಬೇಕೆಂದು ಅವನು ಮೊದಲು ಹುಣಿಸೆಹಣ್ಣು ಹಚ್ಚಿ ತಿಕ್ಕಿದನು. ಅಷ್ಟಕ್ಕೇ ತೃಪ್ತನಾಗದೆ ನೆರೆಯ ಕಾರ್ಖಾನೆಯ ಪಾಲಿಷ್ ಚಕ್ರಕ್ಕೂ ಹಿಡಿದನು. ಕಾಸು ಹೊಸ ತಂಬಿಗೆಯಂತೆ ಥಳಥಳಿಸಿತು. ಆದರೆ ಆನೆಯ ಮೇಲ್ಗಡೆಯಲ್ಲಿದ್ದ ಅಂಕಿಗಳು ಕಾಣದಾದುವು! ಅವನು ಕಳೆದುಕೊಂಡುದಾದರೂ ಏನು?

ಅದು ಟಿಪ್ಪು ಸುಲ್ತಾನನ ಕಾಲದ ಪೈಸೆ. ಸುಮಾರು 11 ಗ್ರಾಂ ತೂಗುವ ಈ ನಾಣ್ಯಕ್ಕೆ 'ಜೊಹ್ರಾ' ಎಂದು ಹೆಸರು, ಎಂದರೆ ಶುಕ್ರಗ್ರಹ. ಅರ್ಧ ಪೈಸೆ 'ಬಹ್ರಾಮ್', ಅಂದರೆ ಮಂಗಳ. ಕಾಲು ಪೈಸೆ 'ಅಖ್ತರ್', ಅಂದರೆ ನಕ್ಷತ್ರ. ಅದರರ್ಧ 'ಕುತ್ಬ್', ಅಂದರೆ ಧ್ರುವ. ಹೀಗೆ ಆಕಾಶವೇ ಜನರ ಚೀಲದಲ್ಲಿತ್ತು! ಹಿಂಬದಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ. ಶ್ರೀರಂಗಪಟ್ಟಣ, ನಗರ, ಬೆಂಗಳೂರುಗಳಲ್ಲಿಯೂ ಟಂಕಸಾಲೆಗಳಿದ್ದುವು. ಆನೆಯ ಮೇಲಿನ ಅಂಕಿಗಳು ಮೌಲೂದಿ ಶಕೆಯ ವರ್ಷವನ್ನು ಸೂಚಿಸುತ್ತವೆ. ಅವನ್ನು ಬಲದಿಂದ ಎಡಕ್ಕೆ ಓದಬೇಕು. ಹಾಗೆ ಓದಿದಾಗ 1222 ಎಂದಾದರೆ, ಅದು ಸುಮಾರು ಕ್ರಿ.ಶ. 1794. ನಮ್ಮ ವಿದ್ಯಾರ್ಥಿ ಅಳಿಸಿಹಾಕಿದ್ದು ಕಾಸಿನ ಜನ್ಮಪತ್ರಿಕೆಯನ್ನೇ.

ಹಾಗಾದರೆ ಆ ಕಂದುಬಣ್ಣ ಕೊಳೆಯಲ್ಲವೆ? ಅಲ್ಲ. ಹೊಸ ತಾಮ್ರ ಕೆಂಪಗಿರುತ್ತದೆ. ಗಾಳಿಯ ಆಮ್ಲಜನಕವು ಅದರೊಡನೆ ಸಂಯೋಗಗೊಂಡು ಆಕ್ಸೈಡಿನ ತೆಳುಪದರವೊಂದು ಮೂಡುತ್ತದೆ. ಗಟ್ಟಿಯಾದ ಈ ಹೊದಿಕೆಯೇ ಒಳಗಿನ ಲೋಹಕ್ಕೆ ರಕ್ಷಾಕವಚ. ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಈ ಪದರವನ್ನು ಕರಗಿಸುತ್ತದೆ; ಚಕ್ರವಂತೂ ಲೋಹವನ್ನೇ ತೇಯುತ್ತದೆ. ಆದರೆ ಉದುರುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಎಚ್ಚರ ಬೇಕು. ಕ್ಲೋರೈಡು ಮತ್ತು ತೇವ ಸೇರಿ ತಾಮ್ರವನ್ನು ತಿನ್ನುತ್ತಿರುವುದರ ಗುರುತು ಅದು. ಅಂಥ ನಾಣ್ಯವನ್ನು ಒಣಗಿದೆಡೆಯಲ್ಲಿ ಬೇರೆಯಾಗಿಟ್ಟು ಬಲ್ಲವರಿಗೆ ತೋರಿಸಬೇಕು.

ನಾಣ್ಯದ ದರ್ಜೆಯನ್ನು ನಿರ್ಣಯಿಸುವವರು ಓದುವುದು ಈ ಮೇಲ್ಮೈಯನ್ನೇ. ಕೈಯಿಂದ ಕೈಗೆ ಹೋಗುವಾಗ ಉಬ್ಬಿದ ಭಾಗಗಳು ಮೊದಲು ಸವೆಯುತ್ತವೆ. ಆದುದರಿಂದ ಆನೆಯ ತಲೆ ಮತ್ತು ಪಕ್ಕೆಗಳನ್ನು ಭೂತಗನ್ನಡಿಯಿಂದ ನೋಡಬೇಕು. ಕೈಯಿಂದ ಅಚ್ಚೊತ್ತಿದ ಕಾಸಿನ ಚಿತ್ರ ಒಂದು ಪಕ್ಕಕ್ಕೆ ಸರಿದಿದ್ದರೆ ಅದು ಸವೆತವಲ್ಲ, ಹುಟ್ಟುಗುರುತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಅಂಕಕ್ರಮವೊಂದನ್ನು ರೂಪಿಸಿದನು. ಗುರುತಿಸಲು ಸಾಧ್ಯವಾಗುವಷ್ಟೇ ಉಳಿದುದಕ್ಕೆ 1, ನಿಷ್ಕಳಂಕವಾದುದಕ್ಕೆ 70. ಇಂದು ಇದು ಬೇರೆ ದೇಶಗಳಲ್ಲಿಯೂ ಬಳಕೆಯಲ್ಲಿದೆ. ಕೆಂಪು, ಕೆಂಗಂದು, ಕಂದು ಎಂದು ಸೆಂಟಿನ ಬಣ್ಣವನ್ನೂ ವಿಂಗಡಿಸುವುದುಂಟು. ತಿಕ್ಕಿ ಹೊಳೆಯಿಸಿದ ಕೆಂಪು ಪರೀಕ್ಷಕನ ಕಣ್ಣಿಗೆ ಕೂಡಲೇ ಬೀಳುತ್ತದೆ; ನಾಣ್ಯದ ಬೆಲೆ ಕುಸಿಯುತ್ತದೆ.

ಕಾಸನ್ನು ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಬೆವರೂ ತಾಮ್ರಕ್ಕೆ ಶತ್ರು. ಪಿ.ವಿ.ಸಿ. ಚೀಲ ಬೇಡ, ಆಮ್ಲರಹಿತ ಕಾಗದದ ಲಕೋಟೆ ಸಾಕು. ತೂಕ, ವ್ಯಾಸ, ದೊರೆತ ಸ್ಥಳಗಳನ್ನು ಬರೆದಿಡಿ.

ಮನೆಯ ಪೆಟ್ಟಿಗೆಯ ಕಾಸಿನ ಮಾತು ಇದು. ನೆಲದಲ್ಲಿ ಸಿಕ್ಕಿದುದರ ಕಥೆ ಬೇರೆ. ಪೀಣ್ಯಕ್ಕೆ ಹತ್ತಿರದ ಯಶವಂತಪುರದಲ್ಲಿ 1891ರಲ್ಲಿ ರೋಮನರ ಬೆಳ್ಳಿ ನಾಣ್ಯಗಳ ರಾಶಿ ದೊರೆತಿತ್ತು. ಬೆಂಗಳೂರಿನ ಸುತ್ತ ಇಂದಿಗೂ ತಳಪಾಯಗಳನ್ನು ತೋಡುತ್ತಲೇ ಇದ್ದಾರೆ. ಹುದುಗಿದ್ದ ನಿಧಿ ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯಿದೆ ವಿಧಿಸುತ್ತದೆ. ರಾಶಿಯನ್ನು ಹಂಚಿಕೊಂಡರೆ, ಯಾವ ನಾಣ್ಯ ಯಾವುದರೊಡನೆ ಇತ್ತೆಂಬ ಸಾಕ್ಷ್ಯವೇ ಚದುರಿಹೋಗುತ್ತದೆ.

ಪೀಣ್ಯದ ವಿದ್ಯಾರ್ಥಿ ಈಗ ನಾಣ್ಯಗಳನ್ನು ಶ್ರದ್ಧೆಯಿಂದ ಸಂಗ್ರಹಿಸುತ್ತಿದ್ದಾನೆ. ಹೊಳೆಯುವ ಆ ಮೊದಲ ಕಾಸನ್ನು ಅವನು ಎಸೆದಿಲ್ಲ. ಅದರ ಲಕೋಟೆಯ ಮೇಲೆ ವರ್ಷವೆಂಬ ಪದದ ಮುಂದೆ ಜಾಗ ಖಾಲಿಯಾಗಿಯೇ ಉಳಿದಿದೆ.