ಬಿರುದು, ಬಹುಮಾನ, ಮನ್ನಣೆ: ಅಭಿನೇತ್ರಿ ಬಿ. ಸರೋಜಾದೇವಿ

ಕಲಾವಿದರಿಗೆ ಲೋಕವು ಸಲ್ಲಿಸುವ ಗೌರವಗಳನ್ನೆಲ್ಲ ನಾವು ಒಂದೇ ರಾಶಿಗೆ ಹಾಕಿ ಎಣಿಸುವುದು ವಾಡಿಕೆಯಾಗಿದೆ. ಇವರಿಗೆ ಇಷ್ಟು ಪದಕಗಳು, ಅವರಿಗೆ ಅಷ್ಟು ಬಿರುದುಗಳು ಎಂದು ಲೆಕ್ಕ ಹೇಳಿ ಮುಗಿಸುತ್ತೇವೆ. ಆದರೆ ಕೊಡುವವರು ಯಾರು, ಯಾವುದಕ್ಕಾಗಿ ಕೊಟ್ಟರು, ಯಾವಾಗ ಕೊಟ್ಟರು ಎಂಬ ಮೂರು ಪ್ರಶ್ನೆಗಳನ್ನು ಕೇಳದ ಹೊರತು ಈ ಲೆಕ್ಕಕ್ಕೆ ಅರ್ಥವಿಲ್ಲ. ಕನ್ನಡದ ಪ್ರಸಿದ್ಧ ಚಲಚ್ಚಿತ್ರ ಅಭಿನೇತ್ರಿ ಬಿ. ಸರೋಜಾದೇವಿಯವರ ಕಲಾಜೀವನವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಕೊಂಚ ವಿಚಾರಿಸೋಣ.

ಅವರು ಬೆಂಗಳೂರಿನಲ್ಲಿ 1938ನೆಯ ಇಸವಿ ಜನವರಿ 7ರಂದು ಜನಿಸಿದರು. ಹೊನ್ನಪ್ಪ ಭಾಗವತರ 'ಮಹಾಕವಿ ಕಾಳಿದಾಸ' ಚಿತ್ರದಲ್ಲಿ 1955ರಲ್ಲಿ ತೆರೆಗೆ ಬಂದಾಗ ಅವರಿಗಿನ್ನೂ ಹದಿನೇಳರ ವಯಸ್ಸು. ಬಳಿಕ 1957ರಲ್ಲಿ ತೆಲುಗಿನ 'ಪಾಂಡುರಂಗ ಮಹಾತ್ಮ್ಯಂ', 1958ರಲ್ಲಿ ತಮಿಳಿನ 'ನಾಡೋಡಿ ಮನ್ನನ್', 1959ರಲ್ಲಿ ಹಿಂದಿಯ 'ಪೈಗಾಮ್' ಬಂದವು. ಹೀಗೆ ಐದು ವರ್ಷಗಳೊಳಗೆ ನಾಲ್ಕು ಭಾಷೆಗಳಲ್ಲಿ ಹೆಸರು ನಿಂತಿತು. ಎಂ. ಜಿ. ರಾಮಚಂದ್ರನ್, ಎನ್. ಟಿ. ರಾಮರಾವ್, ದಿಲೀಪ್ ಕುಮಾರ್ ಮೊದಲಾದ ಮಹಾನಟರ ಎದುರಿಗೆ ನಿಂತು ಅಭಿನಯಿಸುವ ಅವಕಾಶ ಕನ್ನಡದ ಒಬ್ಬ ತರುಣಿಗೆ ದೊರಕಿದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ.

ಗೌರವಗಳಲ್ಲಿ ಅತ್ಯಂತ ಪ್ರಾಚೀನವಾದದ್ದು ಬಿರುದು. ಮಹಾಗಾಂವದಂಥ ನಮ್ಮ ಸೀಮೆಯ ಊರುಗಳಲ್ಲಿ ಬಯಲಾಟದ ಪಾತ್ರಧಾರಿಯ ಅಭಿನಯಕ್ಕೆ ಮೆಚ್ಚಿ, ಆಟದ ನಡುವೆಯೇ ಆಯೇರಿ ಮಾಡುವ ಪದ್ಧತಿಯುಂಟು. ಕೊಡುವವನು ನೋಡಿದವನೇ; ಅವನಿಗೆ ಯಾವ ಸಮಿತಿಯ ಅಪ್ಪಣೆಯೂ ಬೇಡ. ಬಿರುದು ಆ ಆಯೇರಿಯ ಹಿರಿಯ ರೂಪ. ವೃತ್ತಿರಂಗಭೂಮಿಯಲ್ಲಿ ಗುಬ್ಬಿ ವೀರಣ್ಣನವರು 'ನಾಟಕರತ್ನ'ರೆಂದೂ, ಎ. ವಿ. ವರದಾಚಾರ್ಯರು 'ನಾಟಕ ಶಿರೋಮಣಿ'ಗಳೆಂದೂ ಖ್ಯಾತರಾದದ್ದು ಈ ಪರಂಪರೆಯಲ್ಲಿಯೇ. ಸರೋಜಾದೇವಿಯವರನ್ನು ಕನ್ನಡಿಗರು 'ಅಭಿನಯ ಸರಸ್ವತಿ' ಎಂದು ಕರೆದರು. ತಮಿಳರು ಕರೆದದ್ದು 'ಕನ್ನಡತ್ತು ಪೈಂಗಿಳಿ' ಎಂದು. ಅಂದರೆ ಕನ್ನಡದ ಹಸುರು ಗಿಳಿ. ಈ ಎರಡನೆಯ ಬಿರುದಿನಲ್ಲಿ ಒಂದು ಸ್ವಾರಸ್ಯವಿದೆ. ಕನ್ನಡಿಗರು ಕೊಟ್ಟ ಬಿರುದಿನಲ್ಲಿ ಕನ್ನಡದ ಹೆಸರಿಲ್ಲ. ತಮಿಳರು ಕೊಟ್ಟದ್ದರಲ್ಲಿ ಉಂಟು. ತಮ್ಮವಳಾಗಿ ಬಂದವಳನ್ನು ತೌರುಮನೆಯ ಹೆಸರಿನಿಂದಲೇ ಕರೆಯುವ ಔದಾರ್ಯ ಅದು. ಯಾವ ಸರ್ಕಾರವೂ ಕೊಡಲಾರದ ಮನ್ನಣೆಯೆಂದು ನಾವು ಅದನ್ನು ಭಾವಿಸುತ್ತೇವೆ.

ಎರಡನೆಯದು ಬಹುಮಾನ. ಇದು ವ್ಯಕ್ತಿಗಲ್ಲ, ಒಂದು ಕೃತಿಗೆ. ಒಂದು ವರ್ಷದ ಫಸಲನ್ನು ತೂಗಿ ನೋಡಿ ಪರೀಕ್ಷಕರು ಕೊಡತಕ್ಕದ್ದು. ಇಲ್ಲಿ ಕಾಲದ ವಿಷಯವನ್ನು ಚೆನ್ನಾಗಿ ಗಮನಿಸಬೇಕು. ಭಾರತ ಸರ್ಕಾರದ ಚಲಚ್ಚಿತ್ರ ಪ್ರಶಸ್ತಿಗಳು 1954ರಲ್ಲಿ ಮೊದಲಾದಾಗ ಅವು ಚಿತ್ರಗಳಿಗೆ ಮಾತ್ರ ಮೀಸಲಾಗಿದ್ದವು. ನಟನಟಿಯರಿಗೆ ಪ್ರತ್ಯೇಕವಾದ ಪ್ರಶಸ್ತಿ ಇರಲಿಲ್ಲ. 'ಮಹಾಕವಿ ಕಾಳಿದಾಸ'ಕ್ಕೆ ರಾಷ್ಟ್ರಮಟ್ಟದ ಮನ್ನಣೆ ಬಂದಿತು. ಬಿ. ಆರ್. ಪಂತುಲು ಅವರು 1961ರಲ್ಲಿ ನಿರ್ದೇಶಿಸಿದ 'ಕಿತ್ತೂರು ಚೆನ್ನಮ್ಮ'ಕ್ಕೂ ಬಂದಿತು. ಆ ಚಿತ್ರದ ಭಾರವನ್ನೆಲ್ಲ ಹೊತ್ತವರು ಚೆನ್ನಮ್ಮನ ಪಾತ್ರ ವಹಿಸಿದ ಸರೋಜಾದೇವಿಯವರೇ ಆದರೂ, ಗೌರವವು ಚಿತ್ರದ ಹೆಸರಿಗೆ ಸಂದಿತು. ಕನ್ನಡದ ಮೊದಲ ವರ್ಣಚಿತ್ರವಾದ, ಬಿ. ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ'ಯಲ್ಲಿ 1964ರಲ್ಲಿ ಅವರು ನಟಿಸಿದಾಗಲೂ ಸ್ಥಿತಿ ಬದಲಾಗಿರಲಿಲ್ಲ. ರಾಷ್ಟ್ರಮಟ್ಟದಲ್ಲಿ ಶ್ರೇಷ್ಠ ನಟಿಯೆಂಬ ಪ್ರಶಸ್ತಿ ಏರ್ಪಟ್ಟದ್ದು 1967ರ ಸಾಲಿನ ಚಿತ್ರಗಳಿಂದ. ಅದನ್ನು ಮೊದಲು ಪಡೆದವರು ನರ್ಗಿಸ್. ಅಷ್ಟು ಹೊತ್ತಿಗೆ ನಮ್ಮ ಅಭಿನೇತ್ರಿಯ ಅತ್ಯಂತ ಫಲವತ್ತಾದ ಹತ್ತು ವರ್ಷಗಳು ಕಳೆದಿದ್ದವು. ಬೆಳೆ ಕೊಯ್ದು ಕಣಕ್ಕೆ ಬಂದ ಮೇಲೆ ಅಳೆಯುವ ಕೊಳಗ ಸಿದ್ಧವಾಯಿತು ಎಂದರೆ ತಪ್ಪಾಗದು.

ಆದುದರಿಂದ, ಇಂಥವರಿಗೆ ರಾಷ್ಟ್ರಪ್ರಶಸ್ತಿ ಬರಲಿಲ್ಲವೇಕೆ ಎಂದು ಕೇಳುವವರು ಆ ಪ್ರಶಸ್ತಿ ಎಂದು ಹುಟ್ಟಿತೆಂಬುದನ್ನು ಮೊದಲು ಕೇಳತಕ್ಕದ್ದು. ಮುಂದೆ 2005ರ ಸಾಲಿನ ಚಿತ್ರಗಳನ್ನು ಪರೀಕ್ಷಿಸಿದ ಐವತ್ತಮೂರನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳ ತೀರ್ಪುಗಾರ ಮಂಡಲಿಗೆ ಅವರೇ ಅಧ್ಯಕ್ಷರಾದರು. ತಮ್ಮ ಉಚ್ಛ್ರಾಯದ ದಿನಗಳಲ್ಲಿ ಇಲ್ಲದಿದ್ದ ತಕ್ಕಡಿಯನ್ನು ಅವರು ಇತರರಿಗಾಗಿ ಹಿಡಿದರು. ಬಹುಮಾನ ಪಡೆಯುವುದಕ್ಕಿಂತ ಬಹುಮಾನ ಕೊಡಲು ಅರ್ಹರೆನಿಸುವುದು ಸಣ್ಣ ಗೌರವವೇನಲ್ಲ.

ಮೂರನೆಯದು ರಾಜ್ಯಾಂಗವು ಒಬ್ಬರ ಇಡೀ ಸೇವೆಗೆ ಸಲ್ಲಿಸುವ ಪುರಸ್ಕಾರ. ಸರೋಜಾದೇವಿಯವರಿಗೆ 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ದೊರೆತವು. ತಮಿಳುನಾಡು 'ಕಲೈಮಾಮಣಿ'ಯನ್ನಿತ್ತಿತು, ಬೆಂಗಳೂರು ವಿಶ್ವವಿದ್ಯಾನಿಲಯವು 2006ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಪದ್ಮ ಪುರಸ್ಕಾರಗಳ ವಿಷಯದಲ್ಲಿ ಬಹು ಜನ ವಿದ್ಯಾವಂತರೂ ತಪ್ಪು ತಿಳಿದಿದ್ದಾರೆ. ನಮ್ಮ ಸಂವಿಧಾನದ 18ನೆಯ ಅನುಚ್ಛೇದವು ಬಿರುದುಗಳನ್ನು ರದ್ದುಪಡಿಸಿದೆ. ಪದ್ಮ ಪುರಸ್ಕಾರವು ಬಿರುದಲ್ಲವೆಂದೂ, ಅದನ್ನು ಹೆಸರಿನ ಹಿಂದೆ ಮುಂದೆ ಜೋಡಿಸಿಕೊಳ್ಳಕೂಡದೆಂದೂ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಮಾನಿಸಿತು. ಎಂದರೆ ಜನ ಕೊಟ್ಟ 'ಅಭಿನಯ ಸರಸ್ವತಿ'ಯನ್ನು ಹೆಸರಿಗೆ ಸೇರಿಸಿ ಬರೆಯಲು ಅಡ್ಡಿಯಿಲ್ಲ; ಸರ್ಕಾರ ಕೊಟ್ಟ 'ಪದ್ಮಭೂಷಣ'ವನ್ನು ಸೇರಿಸಲಾಗದು. ಪ್ರಜಾಪ್ರಭುತ್ವದಲ್ಲಿ ಹೆಸರಿಡುವ ಹಕ್ಕು ಪ್ರಜೆಗಳಿಗೇ ಉಳಿಯಿತೆನ್ನಬಹುದು.

ಹೊರನಾಡುಗಳಲ್ಲಿ ಇದು ಹೇಗೆ ನಡೆಯಿತು ಎಂಬುದಕ್ಕೆ ಫ್ರಾನ್ಸಿನ ಅಭಿನೇತ್ರಿ ಸಿಮೋನ್ ಸಿನ್ಯೊರೆಯವರ ಉದಾಹರಣೆಯನ್ನು ನೋಡಬಹುದು. 'ರೂಮ್ ಅಟ್ ದಿ ಟಾಪ್' ಎಂಬ ಇಂಗ್ಲಿಷ್ ಚಿತ್ರದ ಅಭಿನಯಕ್ಕಾಗಿ ಅವರಿಗೆ 1959ರಲ್ಲಿ ಕಾನ್ ಉತ್ಸವದ ಪ್ರಶಸ್ತಿಯೂ, 1960ರಲ್ಲಿ ಅಮೆರಿಕೆಯ ಆಸ್ಕರ್ ಪ್ರಶಸ್ತಿಯೂ ಬಂದವು. ಅವರ ಸ್ವದೇಶದ ಚಲಚ್ಚಿತ್ರ ಅಕಾಡೆಮಿಯ 'ಸೆಸಾರ್' ಪ್ರಶಸ್ತಿ ಕೈಸೇರಿದ್ದು 1978ರಲ್ಲಿ. ಕಾರಣ ಸರಳ: ಆ ಪ್ರಶಸ್ತಿ ಆರಂಭವಾದದ್ದೇ 1976ರಲ್ಲಿ. ಪರಭಾಷೆಯ ಚಿತ್ರದಿಂದ ಕೀರ್ತಿ, ಸ್ವದೇಶದ ಪದಕ ತಡವಾಗಿ. ಈ ಕ್ರಮ ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಆದರೂ ಒಂದು ವ್ಯತ್ಯಾಸವುಂಟು. ಸಿನ್ಯೊರೆಯವರು ಬದುಕಿರುವಾಗಲೇ ಸ್ವದೇಶದ ಆ ಪದಕ ಅವರ ಕೈಗೆ ಬಂದಿತು.

ಸರೋಜಾದೇವಿಯವರು 2025ರ ಜುಲೈ 14ರಂದು ನಿಧನರಾದರು. ಅವರ ನೇತ್ರಗಳನ್ನು ದಾನ ಮಾಡಲಾಯಿತು. ಚನ್ನಪಟ್ಟಣ ತಾಲ್ಲೂಕಿನ ದಶವಾರ ಗ್ರಾಮದಲ್ಲಿ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಅವರಿಗೂ ನಟ ವಿಷ್ಣುವರ್ಧನರಿಗೂ ಮರಣೋತ್ತರವಾಗಿ 'ಕರ್ನಾಟಕ ರತ್ನ'ವನ್ನು ಘೋಷಿಸಿತು. ಕುವೆಂಪು ಮತ್ತು ರಾಜ್‌ಕುಮಾರ್ ಅವರಿಗೆ 1992ರಲ್ಲಿ ಮೊದಲು ಸಂದ ಈ ಪುರಸ್ಕಾರ ಒಬ್ಬ ಮಹಿಳೆಗೆ ಸಲ್ಲಲು ಮೂವತ್ತಮೂರು ವರ್ಷಗಳು ಹಿಡಿದವು. ಸಂದಾಗ ಅದನ್ನು ಸ್ವೀಕರಿಸಬೇಕಾದ ಕೈಗಳು ಇರಲಿಲ್ಲ. ಇದನ್ನು ಯಾರ ಮೇಲಿನ ದೂರಾಗಿ ನಾವು ಹೇಳುತ್ತಿಲ್ಲ. ಆದರೆ ಮರಣೋತ್ತರ ಗೌರವವು ಮೃತರಿಗಿಂತ ಹೆಚ್ಚಾಗಿ ಬದುಕಿರುವವರ ಸಮಾಧಾನಕ್ಕಾಗಿ ಎಂಬುದನ್ನು ಒಪ್ಪದೆ ಗತ್ಯಂತರವಿಲ್ಲ.

ನಮ್ಮ ಕಲಬುರ್ಗಿ ಸೀಮೆಯವರಿಗೆ ಈ ವಿಷಯದಲ್ಲಿ ಇನ್ನೊಂದು ಯೋಚನೆಗೆ ಎಡೆಯಿದೆ. ಆ ತರುಣಿಯ ಮೊದಲ ಚಿತ್ರ ತೆರೆಕಂಡಾಗ ಕಲಬುರ್ಗಿ, ಮಹಾಗಾಂವ, ಕಮಲಾಪುರಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಬೆಂಗಳೂರು ಮೈಸೂರು ರಾಜ್ಯದಲ್ಲಿತ್ತು. ಒಂದೇ ರಾಜ್ಯದವರಾದದ್ದು 1956ರ ನವೆಂಬರ್ 1ರಂದು. ಆಡಳಿತದ ಗಡಿ ಅಳಿಯುವ ಮೊದಲೇ ಕನ್ನಡ ಚಿತ್ರಗಳು ಒಂದೇ ಭಾಷೆಯ ಪ್ರೇಕ್ಷಕವರ್ಗವನ್ನು ಕಟ್ಟತೊಡಗಿದ್ದವು. ಕಿತ್ತೂರಿನ ರಾಣಿಯ ಕಥೆಯನ್ನು ಬೆಂಗಳೂರಿನ ನಟಿ ಅಭಿನಯಿಸಿ, ಅದನ್ನು ನಾಡಿನ ಮೂಲೆಮೂಲೆಯ ಕನ್ನಡಿಗರು ತಮ್ಮದೆಂದು ನೋಡಿದರೆಂಬುದು ಯಾವ ಪ್ರಶಸ್ತಿಪತ್ರದಲ್ಲಿಯೂ ಬರೆದಿಲ್ಲದ ಸೇವೆ.

ಪದಕಗಳು ಸಂದ ಕಾಲವನ್ನು ಹೇಳುತ್ತವೆ; ಬಿರುದುಗಳು ಸಂದ ಪ್ರೀತಿಯನ್ನು ಹೇಳುತ್ತವೆ. ಒಂದನ್ನು ಇನ್ನೊಂದರ ಬದಲಿಗೆ ಎಣಿಸಬಾರದು. ಇಂದು ನಮ್ಮ ನಡುವೆ ಬಣ್ಣ ಹಚ್ಚಿ ದುಡಿಯುತ್ತಿರುವ ಕಲಾವಿದೆಯರು ರಂಗಭೂಮಿಯಲ್ಲಿಯೂ ತೆರೆಯ ಮೇಲೆಯೂ ಇದ್ದಾರೆ. ಅವರಿಗೆ ಸಲ್ಲತಕ್ಕ ಮನ್ನಣೆಯನ್ನು ಅವರು ಕಿವಿಯಾರೆ ಕೇಳುವಂತೆ ಸಲ್ಲಿಸುವುದು ಸರ್ಕಾರದ ಕೆಲಸ ಮಾತ್ರವಲ್ಲ, ಪ್ರೇಕ್ಷಕರಾದ ನಮ್ಮೆಲ್ಲರ ಕರ್ತವ್ಯವೂ ಹೌದು.